ಹೊಸಬನಿಗೆ ಯಾವ ಪಕ್ಷ?

ಆಟವೆಂದರೆ ಕಾಲಹರಣವೆಂದು ಹಿರಿಯರು ಹೇಳುವುದುಂಟು. ಆ ಮಾತನ್ನು ನಾವು ಪೂರ್ತಿಯಾಗಿ ಅಲ್ಲಗಳೆಯಲಾರೆವು. ಆದರೂ ಕಳೆದ ವರುಷ ಒಂದು ಆಟದಿಂದ ನಾವು ಕಲಿತ ಪಾಠವನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

2016ರಲ್ಲಿ ಹೊರಬಂದ ‘ಸಿವಿಲೈಜೇಷನ್ ಸಿಕ್ಸ್’ ಎಂಬ ಕಂಪ್ಯೂಟರ್ ಆಟವನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ಚದುರಂಗದಲ್ಲಿಯಂತೆ ಇಲ್ಲಿಯೂ ಸರದಿ ಬಂದಾಗಲೇ ನಡೆಸಬೇಕು. ಕ್ರಿಸ್ತಪೂರ್ವ 4000ದಲ್ಲಿ ಮೊದಲ ಊರನ್ನು ಕಟ್ಟಿ, ಸರದಿಯಿಂದ ಸರದಿಗೆ ನಾಡನ್ನು ಬೆಳೆಸುತ್ತ ಹೋಗಬೇಕು. ಚದುರಂಗದಲ್ಲಿ ಎರಡು ಪಡೆಗಳ ಬಲವೂ ಸಮಾನ. ಇಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಬಗೆಯ ಅನುಕೂಲ. ಆದುದರಿಂದ ಪಕ್ಷವನ್ನು ಆರಿಸಿಕೊಳ್ಳುವುದೇ ಮೊದಲ ಪರೀಕ್ಷೆ.

ನಮ್ಮ ತರಗತಿಗೆ ವಿಜಯಪುರ ಜಿಲ್ಲೆಯ ಸಿಂದಗಿಯ ಕಡೆಯಿಂದ ಹೊಸ ಗೆಳೆಯನೊಬ್ಬನು ಬಂದನು. ಭಾನುವಾರದ ಆಟಕ್ಕೆ ಅವನನ್ನೂ ಕರೆದೆವು. ಅವನು ತಡಮಾಡದೆ ಗಾಂಧೀಜಿಯವರ ಭಾರತವನ್ನು ಆರಿಸಿದನು. 1942ರಿಂದ 1944ರವರೆಗೆ ಗಾಂಧೀಜಿಯವರನ್ನು ಸೆರೆಯಲ್ಲಿಟ್ಟಿದ್ದ ಆಗಾಖಾನ್ ಅರಮನೆಯನ್ನೂ, ಅಲ್ಲಿಯ ಕಸ್ತೂರಬಾ ಸಮಾಧಿಯನ್ನೂ ಶಾಲೆಯ ಪ್ರವಾಸದಲ್ಲಿ ಅವನು ಹಿಂದಿನ ವಾರವಷ್ಟೇ ಕಂಡಿದ್ದನು.

ಆ ಪಕ್ಷವು ಹೊಸಬನಿಗೆ ಕಠಿಣವೆಂಬುದನ್ನು ನಾವು ಅರಿತಿದ್ದೆವು. ಗಾಂಧೀಜಿಯವರಿಗೆ ಆಟವು ಕೊಟ್ಟಿರುವ ಲಾಭವು ಪರರನ್ನು ಅವಲಂಬಿಸಿದೆ: ಮತವೊಂದನ್ನು ಸ್ಥಾಪಿಸಿದ ಅನ್ಯ ರಾಜ್ಯಗಳನ್ನು ಸಂಧಿಸಿ, ಅವುಗಳೊಡನೆ ಯುದ್ಧವಿಲ್ಲದೆ ಇದ್ದಾಗ ಮಾತ್ರ ಅದು ದೊರೆಯುತ್ತದೆ. ಅರಿತೂ ನಾವು ಹೇಳಲಿಲ್ಲ. ಬರ್ಬರರ ಬೇಹುಗಾರನೊಬ್ಬನು ಅವನ ಊರನ್ನು ಕಂಡು ಹಿಂದಿರುಗಿದನು. ಆ ಬೇಹುಗಾರನು ಬೀಡನ್ನು ಸೇರಿದರೆ ದಾಳಿ ತಪ್ಪದೆಂದು ತಿಳಿಸದೆ, ಹಿಂದೆ ನಿಂತು ನಕ್ಕೆವು. ದಾಳಿ ಬಂದಿತು, ಹೊಲಗಳು ಹಾಳಾದವು. “ಈ ಆಟ ನನಗ ಬರೂದಿಲ್ಲ ಬಿಡ್ರಪಾ” ಎಂದು ಎದ್ದುಹೋದವನು ಮುಂದಿನ ಎರಡು ಭಾನುವಾರ ಬರಲಿಲ್ಲ. ತರಗತಿಯಲ್ಲಿಯೂ ದೂರ ಕುಳಿತನು.

ನಮಗೆ ನಾಚಿಕೆಯಾಯಿತು. ಅವನ ಮನೆಗೆ ಹೋಗಿ ಕರೆತಂದು, “ಈ ಸಲ ರೋಮ್ ತಗೋ” ಎಂದೆವು. “ಯಾಕ, ನಮ್ಮವರು ಬ್ಯಾಡೇನು?” ಎಂದನು. ಈ ಸಲ ಎಲ್ಲವನ್ನೂ ವಿವರಿಸಿದೆವು. ಟ್ರಾಜನ್ ದೊರೆಯ ರೋಮಿನಲ್ಲಿ ಹೊಸ ಊರನ್ನು ಕಟ್ಟಿದೊಡನೆ ಸ್ಮಾರಕವೊಂದು ತಾನಾಗಿ ನಿಲ್ಲುತ್ತದೆ. ಅದರಿಂದ ಸಂಸ್ಕೃತಿ ಬೆಳೆಯುತ್ತದೆ. ಊರು ರಾಜಧಾನಿಯ ವ್ಯಾಪಾರದ ಅಳವಿನೊಳಗಿದ್ದರೆ ರಸ್ತೆಯೂ ತಾನಾಗಿ ಬರುತ್ತದೆ. ಇತರರಿಗಾದರೋ ವರ್ತಕರು ಸಂಚರಿಸಿದ ಮೇಲೆಯೇ ರಸ್ತೆ. ಊರನ್ನು ಎಲ್ಲಿ ಕಟ್ಟಬೇಕೆಂಬುದನ್ನು ಹೊಸಬನು ಯೋಚಿಸಿದರೆ ಸಾಕು. ಒಂದೆರಡು ತಪ್ಪುಗಳನ್ನು ಆಟವೇ ಕ್ಷಮಿಸುತ್ತದೆ. ಅಂದು ಅವನು ಐದು ಊರುಗಳನ್ನು ಕಟ್ಟಿದನು. ಬೇಹುಗಾರನು ಕಾಣಿಸಿದಾಗ ನಾವು ಕೂಗಿ ಎಚ್ಚರಿಸಿದೆವು. ಎರಡು ತಿಂಗಳ ತರುವಾಯ ತಾನೇ ಮತ್ತೆ ಗಾಂಧೀಜಿಯವರನ್ನು ಆರಿಸಿ, ನಾವು ಹೇಳುವ ಮೊದಲೇ ಊರಿಗೆ ಕಾವಲು ನಿಲ್ಲಿಸಿದನು.

ಸುಲಭದ ಪಕ್ಷವನ್ನು ಹಿಡಿಯುವುದು ಹೇಡಿತನವೆಂದು ನಾವು ತಿಳಿದಿದ್ದೆವು. ಆದರೆ ನಾವೂ ಒಮ್ಮೆ ಹೊಸಬರೇ ಆಗಿದ್ದೆವು. ವಿಜಯಪುರ, ಕಲಬುರಗಿಗಳಿಂದ ತಂದೆತಾಯಿಗಳು ನಮ್ಮನ್ನು ಈ ಪುಣೆಗೆ ಕರೆತಂದಾಗ ಬೀದಿಯ ಫಲಕವೂ ಅಂಗಡಿಯ ಮಾತೂ ಮರಾಠಿಯಾಗಿದ್ದವು. ಈ ಶಾಲೆಯಲ್ಲಿ ಮಾತ್ರ ಪಾಠವು ಮನೆಯ ಮಾತಿನಲ್ಲಿಯೇ ಇದ್ದಿತು. ಆ ರಸ್ತೆಯನ್ನು ನಾವು ಹಾಕಿದ್ದಲ್ಲ. ನಾವು ಬರುವ ಮೊದಲೇ ಅದು ಸಿದ್ಧವಾಗಿತ್ತು. ಅದರ ಮೇಲೆ ನಡೆದೇ ಮರಾಠಿಯನ್ನೂ ಇಂಗ್ಲಿಷನ್ನೂ ಕಲಿತೆವು. ಇದನ್ನು ಮರೆತು ಹೊಸಬನನ್ನು ನೋಡಿ ನಕ್ಕೆವಲ್ಲ!

ಈಗ ಹೊಸ ಗೆಳೆಯರನ್ನು ಆಟಕ್ಕೆ ಕರೆಯುವ ಭಾರ ಅವನದೇ. ಮೊದಲ ದಿನ ಅವನು ಅವರ ಕೈಗೆ ರೋಮನ್ನು ಕೊಟ್ಟು, ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಾನೆ.