ದಕ್ಷಿಣೆ ಕೊಟ್ಟ ಮೇಲೆ

ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ದುಡಿಯುವವನೊಬ್ಬನಿಗೆ ಎರಡು ಮಕ್ಕಳಾಗಿ, ಮೂರನೆಯದು ಬೇಡವೆಂದು ದಂಪತಿಗಳು ನಿಶ್ಚಯಿಸಿದರೆಂದು ಭಾವಿಸಬಹುದು. ಆ ನಿಶ್ಚಯದಲ್ಲಿ ಕಾರ್ಖಾನೆಯ ಧಣಿಯ ಮತಕ್ಕೇನು ಕೆಲಸ? ಸೇಡಂ, ಚಿತ್ತಾಪುರಗಳ ಜನಕ್ಕೆ ಈ ಪ್ರಶ್ನೆಯೇ ವಿಚಿತ್ರವಾಗಿ ತೋರೀತು. ಅಮೆರಿಕೆಯಲ್ಲಾದರೋ ಅದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಅಲ್ಲಿ ಆರೋಗ್ಯವಿಮೆಯು ಬಹುಮಂದಿಗೆ ಧಣಿಯ ಮೂಲಕವೇ ದೊರೆಯತಕ್ಕದ್ದು. 2010ರ ಕಾನೂನನ್ನನುಸರಿಸಿ ಅದರೊಳಗೆ ಗರ್ಭನಿರೋಧವೂ ಸೇರಿತು. ಹಾಬಿ ಲಾಬಿ ಎಂಬ ಅಂಗಡಿಗಳ ಒಡೆಯರು 20 ವಿಧಾನಗಳಲ್ಲಿ 4 ಮಾತ್ರ ಗರ್ಭಸ್ಥ ಜೀವಕ್ಕೆ ಘಾತಕವೆಂದು ನಂಬಿ, ಅವುಗಳಿಗೆ ಹಣ ಕೊಡಲೊಲ್ಲೆವೆಂದರು. 2014ರ ಜೂನ್ 30ರಂದು ಐವರು ನ್ಯಾಯಾಧೀಶರು ಅವರ ಪಕ್ಷವನ್ನು ಹಿಡಿದರು, ನಾಲ್ವರು ಒಪ್ಪಲಿಲ್ಲ. ವಿನಾಯಿತಿಯನ್ನು ಇನ್ನೂ ಹಿಗ್ಗಿಸಿದ ನಿಯಮಗಳನ್ನು ಅದೇ ನ್ಯಾಯಾಲಯವು 2020ರಲ್ಲಿ ಊರ್ಜಿತಗೊಳಿಸಿತು. ಆ ಒಡೆಯರ ಶ್ರದ್ಧೆಯನ್ನು ಕಪಟವೆನ್ನಲಾಗದು. ಪಾಪಭೀರುವಾದವನು ತನ್ನ ದ್ರವ್ಯವು ಎಲ್ಲಿಗೆ ಹೋಗುವುದೆಂದು ನೋಡದಿರುವನೆ?

ಆದರೆ ಅದು ಇನ್ನೂ ಅವನ ದ್ರವ್ಯವೆ ಎಂಬುದೇ ವಿಚಾರಣೀಯವಾದ ಅಂಶ. ಮೀಮಾಂಸಕರ ಮತದಲ್ಲಿ ಋತ್ವಿಜರು ದಕ್ಷಿಣೆಯಿಂದ ಕೊಂಡುಕೊಂಡ ಕರ್ತೃಗಳು. ಯಾಗದ ಫಲವು ಯಜಮಾನನದು. ದಕ್ಷಿಣೆಯ ಮೇಲಣ ಸ್ವತ್ವವಾದರೋ ಕೊಟ್ಟ ಕ್ಷಣವೇ ಅವನಿಂದ ನೀಗಿತು. ಋತ್ವಿಜನು ಆ ಹಸುವಿನ ಹಾಲನ್ನು ಯಾರಿಗೆ ಕುಡಿಸಿದನೆಂದು ಕೇಳಹೊರಟ ಯಜಮಾನನನ್ನು ನೋಡಿ ಪಾಠಶಾಲೆಯ ಬಾಲಕರೂ ನಕ್ಕಾರು. ವಿಮೆಯೂ ದುಡಿಮೆಗೆ ಸಂದ ದಕ್ಷಿಣೆಯೇ.

ಭಾರತದ 1948ರ ನೌಕರರ ರಾಜ್ಯವಿಮಾ ಕಾನೂನಿನಲ್ಲಿಯೂ ವಿನಾಯಿತಿಯೆಂಬ ಮಾತು ಇದ್ದಿತು. ಆದರೆ ಧಣಿಯು ಅಷ್ಟೇ ಅಥವಾ ಅದಕ್ಕಿಂತ ಮಿಗಿಲಾದ ಸೌಕರ್ಯವನ್ನು ಒದಗಿಸುತ್ತಿದ್ದಲ್ಲಿ ಮಾತ್ರ. ಅವನ ಮತವನ್ನು ಯಾರೂ ಕೇಳಲಿಲ್ಲ. ಅರ್ಹರಾದ ವಿಮಾದಾರರಲ್ಲಿ ಸಂತಾನನಿರೋಧದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸಿಗೆ 7 ದಿನ, ಹೆಂಗಸಿಗೆ 14 ದಿನ ಪೂರ್ಣ ವೇತನಕ್ಕೆ ಸಮನಾದ ಹಣ ಸಲ್ಲುತ್ತಿತ್ತು.

ಇಷ್ಟಕ್ಕೆ ಹಿಗ್ಗುವಂತಿಲ್ಲ. ಶಹಾಬಾದಿನ ಫರಸಿ ಚಿಂಚೋಳಿಯ ಮನೆಗಳ ನೆಲಕ್ಕೂ ಹಾಸಿದೆ. ಆ ಫರಸಿಯನ್ನು ಗಣಿಯಿಂದ ಎಬ್ಬಿಸುವವರೋ? ಗಣಿ ಕಾನೂನಿಗೆ ಒಳಪಟ್ಟ ಗಣಿಯನ್ನು ಆ ವಿಮಾ ಕಾನೂನು ಕಾರ್ಖಾನೆಯೆಂದು ಎಣಿಸಲೇ ಇಲ್ಲ. ಯಾವ ಧಣಿಯೂ ಶ್ರದ್ಧೆಯ ಹೆಸರೆತ್ತಲಿಲ್ಲ, ಯಾವ ನ್ಯಾಯಾಲಯವೂ ವಾದ ಕೇಳಲಿಲ್ಲ; ಒಂದು ಶಬ್ದದ ವ್ಯಾಖ್ಯೆಯೇ ಸಾಕಾಯಿತು. 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದು ಹಳೆಯ ಕಾನೂನು ತೆರವಾಯಿತು. ಅದುವರೆಗೆ ಗಣಿಯ ಹೆಂಗಸಿಗೂ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಉಚಿತವಾಗಿಯೇ ಆಗುತ್ತಿತ್ತು. ಕಾರ್ಖಾನೆಯವಳಿಗೆ ಹಕ್ಕಾಗಿ ಬರುತ್ತಿದ್ದ 14 ದಿನಗಳ ವೇತನ ಮಾತ್ರ ಆ ಕಾನೂನಿನಿಂದ ಅವಳಿಗಿರಲಿಲ್ಲ. ಹೊಲಿಗೆ ಮಾಯುವ ಮುನ್ನವೇ ತಲೆಯ ಮೇಲೆ ಕಲ್ಲು ಹೊರುವುದೋ, ಕೂಲಿ ಬಿಡುವುದೋ ಎಂಬುದನ್ನು ಅವಳೇ ನಿಶ್ಚಯಿಸಿಕೊಳ್ಳಬೇಕಾಗಿತ್ತು.