ಕನಸಿಗೂ ಕೆಲಸವಿದೆ

ಹೋದವರು ಕನಸಿಗೆ ಬಂದರೆ ನಮ್ಮ ಕಡೆ ಮೊದಲು ವಿಚಾರಿಸುವುದು, "ಏನಾದರೂ ಕೇಳಿದರಾ?" ಎಂದು. ಆಮೇಲೆ, "ಒಂದು ಶಾಂತಿ ಮಾಡಿಸಿಬಿಡಿ." ನನ್ನ ಯಜಮಾನರು ತೀರಿಕೊಂಡಾಗ ನಾದಿನಿ ಹೇಳಿದ್ದು ಬೇರೆ: "ಮನಸ್ಸಿಗೆ ಹಚ್ಚಿಕೋಬೇಡಿ ಅತ್ತಿಗೆ, ಮರೆತುಬಿಡಿ." ಮರೆಯುವುದು ನಮ್ಮ ಕೈಯಲ್ಲಿದೆಯೇ?

ನೋವನ್ನು ಆರಿಸುವುದು ನಿದ್ದೆಯ ಕೆಲಸ ಎನ್ನುತ್ತಾರೆ ಕೆಲವು ವಿಜ್ಞಾನಿಗಳು. ಕನಸು ಗಾಢವಾಗಿರುವಾಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುತ್ತವೆ. 1953ರಲ್ಲಿ ಷಿಕಾಗೋದ ಇಬ್ಬರು ಸಂಶೋಧಕರು ಇದನ್ನು ಪ್ರಕಟಿಸಿದರು. (ತೊಟ್ಟಿಲು ತೂಗಿದ ನಮ್ಮಜ್ಜಿಯರು ಮೊದಲೇ ಕಂಡಿರಬೇಕು!) ಗಾಬರಿಯಾದಾಗ ಮಿದುಳಿನಲ್ಲಿ ಏರುವ ನಾರ್‌ಅಡ್ರಿನಲಿನ್ ಆ ಹೊತ್ತಿನಲ್ಲಿ ತೀರ ಇಳಿದಿರುತ್ತದೆ. ಹಾಗಾಗಿ ನೋವಿನ ನೆನಪು ಮೇಲೆದ್ದರೂ ಹಗಲಿನಷ್ಟು ಕುದಿಯದೆ, ಹಳೆಯ ನೆನಪುಗಳೊಡನೆ ಬೆರೆತು ತಣ್ಣಗಾಗುತ್ತದಂತೆ. ರಾತ್ರಿ ಹೆಪ್ಪು ಹಾಕಿಟ್ಟ ಹಾಲಿನ ಹಾಗೆ, ನಮಗೆ ಗೊತ್ತೇ ಆಗದೆ.

ಷಿಕಾಗೋದಲ್ಲೇ ರೊಸಾಲಿಂಡ್ ಕಾರ್ಟ್‌ರೈಟ್ ಎಂಬಾಕೆ, ವಿಚ್ಛೇದನದಿಂದ ಖಿನ್ನರಾದವರ ಕನಸುಗಳನ್ನು ಕಲೆಹಾಕಿದರು. ದೂರವಾದ ಸಂಗಾತಿಯನ್ನೇ ಕನಸಿನಲ್ಲಿ ಕಂಡವರು, ಒಂದು ವರ್ಷದ ನಂತರ ಉಳಿದವರಿಗಿಂತ ಚೇತರಿಸಿಕೊಂಡಿದ್ದರು.

ನನಗೆ ಆರು ತಿಂಗಳು ಬೀಳುತ್ತಿದ್ದುದು ಆಸ್ಪತ್ರೆಯ ಉದ್ದನೆಯ ವೆರಾಂಡ. ಎಷ್ಟು ನಡೆದರೂ ಅವರ ಮಂಚ ಸಿಗದು. ಏಳನೆಯ ತಿಂಗಳು ಒಂದು ರಾತ್ರಿ ಆ ವೆರಾಂಡದ ಕೊನೆಗೆ ನಮ್ಮ ಅಡುಗೆಮನೆಯಿತ್ತು. ಸ್ಟೂಲಿನ ಮೇಲೆ ಕೂತು ಅವರು ಕಾಫಿ ಕೇಳಿದರು. ಬೆಳಿಗ್ಗೆ ಅತ್ತೆ, ಆದರೆ ಬೆವೆತಿರಲಿಲ್ಲ.

ದೊಡ್ಡ ಆಘಾತ ಕಂಡ ಕೆಲವರಿಗೆ ಕನಸು ಹೀಗೆ ತಿರುಗುವುದೇ ಇಲ್ಲ. ವರ್ಷಗಟ್ಟಲೆ ಅದೇ ಬೆಂಕಿ, ಅದೇ ಅಪಘಾತ. ಅವರಿಗೆ ಶಾಂತಿಯಷ್ಟೇ ಸಾಲದು, ಮನೋವೈದ್ಯರೂ ಬೇಕು. ಆ ಕನಸಿಗೆ ಬೇರೊಂದು ಕೊನೆ ಬರೆಸಿ, ಹಗಲು ಹೊತ್ತು ಅದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಕಾಣಿಸುವ ಚಿಕಿತ್ಸೆಯೂ ಇದೆ.