ಬಂದೋಬಸ್ತು ಮತ್ತು ಬಂಧ

ಪಾರಸಿಯಿಂದ ಬಂದು ಕನ್ನಡದಲ್ಲಿ ನೆಲೆಸಿದ ಪದಗಳಲ್ಲಿ ‘ಬಂದೋಬಸ್ತು’ ಎಂಬುದೂ ಒಂದು. ಪಂಚಕಲ್ಯಾಣ ಮಹೋತ್ಸವಕ್ಕೆ ಜನ ಸೇರಿದಾಗ ಪೊಲೀಸರು ಬಂದೋಬಸ್ತು ಏರ್ಪಡಿಸುತ್ತಾರೆ. ಇಲ್ಲಿ ಅದರ ಅರ್ಥ ಕಾವಲು. ಯಾತ್ರೆಗೆ ಹೊರಡುವ ಮುನ್ನ ಮನೆಯನ್ನು ಬಂದೋಬಸ್ತು ಮಾಡಬೇಕೆಂದು ಹಿರಿಯರು ಹೇಳುವಾಗ ಅದು ಭದ್ರತೆ. ಅತಿಥಿಗಳ ಊಟ ವಸತಿಗಳ ಬಂದೋಬಸ್ತು ಎಂದರೆ ಏರ್ಪಾಟು. ಕಂದಾಯದ ಭಾಷೆಯಲ್ಲಿ ಭೂಮಿಗೆ ಇಷ್ಟು ತೆರಿಗೆಯೆಂದು ಗೊತ್ತುಪಡಿಸುವ ಕ್ರಮಕ್ಕೂ ಇದೇ ಹೆಸರು. 1793ರಲ್ಲಿ ಕಾರ್ನ್‌ವಾಲಿಸನು ಬಂಗಾಳದಲ್ಲಿ ಜಾರಿಗೆ ತಂದ ಕಾಯಂ ಕಂದಾಯದ ವ್ಯವಸ್ಥೆಯನ್ನು ಬಂಗಾಳಿಗಳು ಇಂದಿಗೂ ‘ಚಿರಸ್ಥಾಯೀ ಬಂದೋಬಸ್ತ’ ಎಂದೇ ಕರೆಯುತ್ತಾರೆ.

ಪಾರಸಿಯಲ್ಲಿ ‘ಬಂದ್’ ಎಂದರೆ ಕಟ್ಟು. ‘ಬಸ್ತ್’ ಎಂಬುದೂ ಕಟ್ಟುವಿಕೆಯನ್ನೇ ಹೇಳುವ ಪದ. ನಡುವಿನ ‘ಓ’ಕಾರ ಎರಡನ್ನೂ ಜೋಡಿಸುತ್ತದೆ. ಪಾರಸಿಯೂ ಸಂಸ್ಕೃತವೂ ದೂರದ ದಾಯಾದಿಗಳು. ಆದ್ದರಿಂದ ಅಲ್ಲಿಯ ‘ಬಂದ್’ ಇಲ್ಲಿ ‘ಬಂಧ’, ಅಲ್ಲಿಯ ‘ಬಸ್ತ್’ ಇಲ್ಲಿ ‘ಬದ್ಧ’. ಹೊರಗಿನದೆಂದು ತೋರುವ ಈ ಪದದ ಬೇರು ಜೈನರಿಗೆ ಅಪರಿಚಿತವಲ್ಲ.

ಏಳು ತತ್ತ್ವಗಳಲ್ಲಿ ಬಂಧವೂ ಒಂದು. ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ, ಯೋಗಗಳೆಂಬ ಐದು ಕಾರಣಗಳಿಂದ ಜೀವಕ್ಕೆ ಕರ್ಮದ ಬಂಧವಾಗುತ್ತದೆಂದು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯ ತಿಳಿಸುತ್ತದೆ. ಆದರೆ ಎಲ್ಲ ಕಾವಲೂ ಬಂಧವಲ್ಲ. ಮನ, ವಚನ, ಕಾಯಗಳನ್ನು ಕಾಯ್ದುಕೊಳ್ಳುವುದಕ್ಕೆ ‘ಗುಪ್ತಿ’ಯೆಂದು ಹೆಸರು, ಅದು ಸಂವರಕ್ಕೆ ಸಾಧನ. ಕಾವಲಿನ ಹಿಂದಿರುವ ಭಾವ ಯಾವುದೆಂಬುದೇ ಇಲ್ಲಿ ಮುಖ್ಯ.

ಮೂಡುಬಿದಿರೆಯ ಸಿದ್ಧಾಂತ ಬಸದಿಯ ಇತಿಹಾಸ ಇದಕ್ಕೆ ನಿದರ್ಶನ. ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಅಲ್ಲಿ ಸುರಕ್ಷಿತವಾಗಿದ್ದವು. ಬೇರೆಡೆ ದೊರೆಯದ ಆಗಮವನ್ನು ಉಳಿಸಿಕೊಟ್ಟದ್ದು ಆ ಬಂದೋಬಸ್ತೇ. ಅದಕ್ಕಾಗಿ ಸಮಾಜ ಆ ಹಿರಿಯರಿಗೆ ಋಣಿ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ಒದಗಿದವು, ಅಧ್ಯಯನಕ್ಕೆ ಒದಗಲಿಲ್ಲ. ಬಹಳ ತಡವಾಗಿ ಪ್ರತಿ ಮಾಡುವ ಕಾರ್ಯ ನಡೆದು, 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳು ಹೊರಬಂದವು. ಪೂಜೆಗೊಳ್ಳುತ್ತಿದ್ದ ಶ್ರುತ ಆಗ ಓದುಗರ ಕೈ ಸೇರಿತು. ಅದರಿಂದ ಅದರ ಪಾವಿತ್ರ್ಯಕ್ಕೆ ಕುಂದು ಬರಲಿಲ್ಲ.

ಹಾಗೆಂದು ಬೀಗ ಬೇಡವೆನ್ನಲಾಗದು. 2013ರಲ್ಲಿ ಅದೇ ಕ್ಷೇತ್ರದಲ್ಲಿ ಅಮೂಲ್ಯ ಜಿನಬಿಂಬಗಳು ಕಳುವಾದುದನ್ನು ಸಮಾಜ ಮರೆತಿಲ್ಲ. ಬಸದಿಗಳ ವಿಶ್ವಸ್ತರು ಕಾವಲನ್ನು ಬಲಪಡಿಸಬೇಕಾದುದೇ. ಆದರೆ ಬೀಗದ ಕೈ ಹಿಡಿದವರಿಗೆ ‘ಇದು ನಮ್ಮ ಸ್ವಾಧೀನದ್ದು’ ಎಂಬ ಭಾವ ಬಂದೊಡನೆ ಗುಪ್ತಿ ಬಂಧವಾಗಿ ತಿರುಗುತ್ತದೆ. ಹಳೆಯ ಓಲೆಗಳನ್ನು ತೋರಿಸಲು ಹಿಂಜರಿಯುವುದು, ಲೆಕ್ಕಪತ್ರ ಕೇಳಿದ ಶ್ರಾವಕನನ್ನು ಸಂಶಯದಿಂದ ನೋಡುವುದು, ಕಪಾಟಿನಲ್ಲಿ ಗೆದ್ದಲು ಹಿಡಿದರೂ ಗ್ರಂಥವನ್ನು ಹೊರಗೆ ಕೊಡದಿರುವುದು ಇವೆಲ್ಲ ಅದರ ಲಕ್ಷಣಗಳು. ಅಪರಿಗ್ರಹವು ಮನೆಯ ಸೊತ್ತಿಗೆ ಮಾತ್ರವಲ್ಲ, ಅಧಿಕಾರಕ್ಕೂ ಅನ್ವಯಿಸುವ ವ್ರತ.

ವಿಶ್ವಸ್ತನೆಂದರೆ ನಂಬಿಕೆಗೆ ಪಾತ್ರನಾದವನು. ಬಸದಿಯ ಸೊತ್ತನ್ನು ಮುಂದಿನವರಿಗೆ ಮುಟ್ಟಿಸುವುದಕ್ಕಾಗಿ ಕಾಯುವುದು ಅವನ ಹೊಣೆ. ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು ಶಾಸ್ತ್ರಭಂಡಾರವನ್ನು ತೆರೆದು, ಓಲೆಗಳನ್ನು ಶುಚಿಗೊಳಿಸಿ, ಪಟ್ಟಿಯನ್ನು ಸಮಾಜದ ಮುಂದಿಟ್ಟು, ಆಸಕ್ತರಿಗೆ ಓದಲು ಅನುವು ಮಾಡಿಕೊಟ್ಟರೆ, ಆ ದಿನದ ಪೂಜೆಯೊಂದಿಗೆ ಆ ಹೊಣೆಯೂ ಸಂದಂತಾಗುತ್ತದೆ.